ದೊಡ್ಡಮ್ಮನ ಮಡಿಲಲ್ಲಿ ಸಾಹೇಬ

ನಮ್ಮ ಪ್ರಾಣಿ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷದ ಕೆಲಸ. ಎಂಥ ಪುಂಡ ನಾಯಿಯೂ ಅವರ ಮಡಿಲಲ್ಲಿ ತೆಪ್ಪಗಾಗುತ್ತಿತ್ತು. ನಾನು ಹೃದಯದ ಸ್ಕ್ಯಾನ್ ಮಾಡುವವನು. ಅವರಿಲ್ಲದಿದ್ದರೆ ನನ್ನ ಕೈಗೆ ಎಷ್ಟು ಹೊಲಿಗೆ ಬೀಳುತ್ತಿತ್ತೋ.

ಆ ಬೆಳಿಗ್ಗೆ ಬಂದವನು ಸಾಹೇಬ, ಒಬ್ಬ ಬಸ್ ಡ್ರೈವರನ ನಾಯಿ. ನಾಯಿಯ ಗತ್ತು ನೋಡಿ ದೊಡ್ಡಮ್ಮನೇ ಇಟ್ಟ ಹೆಸರದು. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಛೂ ಬಿಡುವ ಹೊಸ ಔಷಧಿ ಕೊಡುತ್ತಿದ್ದೆವು. ನಾಲ್ಕು ಇಂಜೆಕ್ಷನ್ನಿಗೆ ಕತ್ತಿನ ಗಡ್ಡೆ ನಿಂಬೆಹಣ್ಣಿನ ಗಾತ್ರದಿಂದ ಬಟಾಣಿಗೆ ಇಳಿದಿತ್ತು. ಐದನೆಯದು ಅಂದು. ಆದರೆ ಆ ಶಕ್ತಿ ಕೆಲವೊಮ್ಮೆ ಹೃದಯದ ಮೇಲೂ ತಿರುಗಿ ಬೀಳುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದರೆ ಔಷಧಿ ನಿಲ್ಲಿಸಬೇಕು. ಗಡ್ಡೆ ಮತ್ತೆ ಬೆಳೆಯಬಹುದು.

ದೊಡ್ಡಮ್ಮನ ಮಡಿಲಲ್ಲಿ ಮಲಗಿಸಿ ಮಾಡಿದ ಸ್ಕ್ಯಾನ್ ಚೆನ್ನಾಗಿಯೇ ಬಂತು. "ಪಾಸ್!" ಎಂದೆ. ಡ್ರೈವರ್ ಕಣ್ಣೊರೆಸಿಕೊಂಡ.

ದೊಡ್ಡಮ್ಮ ಮಾತ್ರ ಅವನ ಅಂಗಿಯನ್ನೇ ನೋಡುತ್ತಿದ್ದರು. ಎದೆ ತುಂಬ ನಾಯಿಯ ಕೂದಲು.

"ಮೆಟ್ಟಿಲು ಇವನೇ ಹತ್ತಿದ್ನಾ, ಎತ್ಕೊಂಡು ಬಂದ್ಯಾ?"

"ಅದೆಲ್ಲ ಯಾಕಮ್ಮ ಈಗ?"

"ಕೇಳಿದ್ದಕ್ಕೆ ಹೇಳಪ್ಪ."

ಅವನು ಅಂಗಿಯ ಮೇಲಿನ ಕೂದಲನ್ನು ಗಡಿಬಿಡಿಯಲ್ಲಿ ಕೊಡವಿಕೊಂಡ.

ದೊಡ್ಡಮ್ಮ ನನ್ನತ್ತ ತಿರುಗಿದರು. "ನನ್ ಮಡಿಲಲ್ಲಿದ್ರೆ ಇವನ ಎದೆ ಜೋರಾಗಿ ಹೊಡ್ಕೊಳ್ಳೋದೇ ಇಲ್ಲ. ಹೊಡ್ಕೊಂಡಾಗ್ಲೇ ಅಲ್ವಾ ರಕ್ತ ಸಾಲದೇ ಇರೋದು ಕಾಣೋದು? ನಾನು ಹೊರಗಿರ್ತೀನಿ. ಇನ್ನೊಂದ್ಸಲ ನೋಡು."

"ಪಾಸಾಯ್ತಲ್ಲ, ಇಲ್ಲದ ಉಸಾಬರಿ ಯಾಕೆ ದೊಡ್ಡಮ್ಮ?" ನನಗೆ ಸಿಟ್ಟೇ ಬಂದಿತ್ತು. ನನ್ನ ಸ್ಕ್ಯಾನಿನಲ್ಲಿ ಹುಳುಕು ಹುಡುಕುವುದೇ?

ಅವರು ಬಾಗಿಲೆಳೆದುಕೊಂಡು ಹೋಗಿಯೇಬಿಟ್ಟರು.

ಸಾಹೇಬ ಕುಂಯ್‌ಗುಟ್ಟಿದ, ಒದ್ದಾಡಿದ. ಡ್ರೈವರೂ ನರ್ಸೂ ಹೇಗೋ ಅದುಮಿ ಹಿಡಿದರು. ಎದೆಬಡಿತ ನೂರ ಎಂಬತ್ತು ದಾಟಿತು. ರಕ್ತ ಹರಿದಲ್ಲೆಲ್ಲ ಪರದೆ ಬೆಳ್ಳಗಾಗಬೇಕು. ಹೃದಯದ ಒಂದು ಗೋಡೆ ಕಪ್ಪಗೇ ಉಳಿಯಿತು. ಇಂಜೆಕ್ಷನ್ ತುಂಬಿಸಿಕೊಂಡು ನಿಂತಿದ್ದ ಡಾಕ್ಟರು ಅದನ್ನು ಟ್ರೇಯಲ್ಲಿಟ್ಟರು.

"ಇದನ್ನ ಕೊಟ್ಟಿದ್ರೆ ಹೃದಯ ನಿಂತೇ ಹೋಗ್ತಿತ್ತೇನೋ. ಮೊದಲು ಅದಕ್ಕೆ ಮದ್ದು ಮಾಡೋಣ, ಗಡ್ಡೆ ಆಮೇಲೆ."

ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ಅಳುತ್ತಿದ್ದರು. ಸಾಹೇಬನನ್ನು ಹೊರತಂದು ಕೆಳಗಿಳಿಸಿದ ಡ್ರೈವರ್ ಅವರ ಮೇಲೆ ಹರಿಹಾಯ್ದ.

"ನೀವು ಸುಮ್ನಿದ್ದಿದ್ರೆ ಇನ್ನೊಂದಿಷ್ಟು ದಿನಕ್ಕೆ ಗಡ್ಡೆ ಪೂರ್ತಿ ಹೋಗ್ತಿತ್ತು!"

"ಹೋಗ್ತಿತ್ತು. ಅದಕ್ಕೂ ಮೊದಲು ಇವನು ಹೋಗ್ತಿದ್ದ."

ಅವನು ಗೋಡೆಗೆ ಒರಗಿದ. "ಹದಿನೈದು ದಿನದಿಂದ ಏದುಸಿರು ಬಿಡ್ತಿದಾನೆ," ಎಂದ. "ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸಿಬಿಡ್ತೀರಿ ಅಂತ ಎತ್ಕೊಂಡೇ ಓಡಾಡ್ತಿದ್ದೆ."

ದೊಡ್ಡಮ್ಮ ಬಾಗಿ ಸಾಹೇಬನನ್ನು ಎತ್ತಿ ಅವನ ತೋಳಿಗೆ ಕೊಟ್ಟರು.

"ಈಗಲೂ ಎತ್ಕೊಂಡೇ ಹೋಗು. ಆದ್ರೆ ಇನ್ಮೇಲೆ ನಮ್ ಕಣ್ತಪ್ಪಿಸಿ ಎತ್ಕೋಬೇಡ."