ಮೇಷ್ಟ್ರ ಹೆಂಡತಿಯ ಬೀಜಗಣಿತ

ನಾಗೇಂದ್ರ ಮೇಷ್ಟ್ರಿಗೆ ಮಾತು ಹೋದ ಮೇಲೆ ಉಳಿದದ್ದು ಒಂದೇ ಪದ: ‘ಹೌದಾ’. ಹಸಿವಾದರೂ ಹೌದಾ, ಕಾಲು ಸೆಳೆದರೂ ಹೌದಾ, ಫ್ಯಾನು ಹಾಕು ಎನ್ನಬೇಕಾದರೂ ಹೌದಾ. ಒಂದು ಬೆಳಿಗ್ಗೆ ಶಾಲೆಗೆ ಹೊರಡಲು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಸ್ಟ್ರೋಕ್ ಆಗಿ ಗೋಡೆಗೆ ಒರಗಿ ಹಾಗೇ ಕುಸಿದಿದ್ದರು. ಶಿವಮೊಗ್ಗದ ಆಸ್ಪತ್ರೆಯಿಂದ ಹೊಸನಗರದ ಬಾಡಿಗೆ ಮನೆಗೆ ಕರೆತರುವಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಕೈಕಾಲಿನ ವಿಷಯ ಡಾಕ್ಟರು ಮೊದಲೇ ಹೇಳಿದ್ದರಿಂದ ಹೆಂಡತಿ ಪ್ರತಿಮಾ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮಾತಿನ ವಿಷಯ ಮಾತ್ರ ಮನೆಗೆ ಬಂದ ಮೇಲೆಯೇ ಅವಳಿಗೆ ಪೂರ್ತಿ ಅರ್ಥವಾದದ್ದು.

ಮೇಷ್ಟ್ರು ಮಾತಿನ ಮನುಷ್ಯ. ಹೈಸ್ಕೂಲಿನಲ್ಲಿ ಅವರು ಗಣಿತದ ಪಾಠ ಮಾಡುತ್ತಿದ್ದರೆ ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತಿತ್ತಂತೆ. ಅಂಥವರು ಈಗ ಮಂಚದ ಮೇಲೆ ಕೂತು ಬಾಯಿ ತೆರೆದರೆ ಒಳಗೆ ಏನೋ ಸಾಲುಗಟ್ಟಿ ನಿಂತಿರುವುದು ಕಣ್ಣಲ್ಲಿ ಕಾಣುತ್ತಿತ್ತು, ಹೊರಗೆ ಬರುತ್ತಿದ್ದದ್ದು ಅದೊಂದೇ. ತಾಯಿ ಮೀನಾಕ್ಷಮ್ಮ ಪಕ್ಕದಲ್ಲಿ ಕೂತು ಊಹೆ ಮಾಡುವಳು. “ನೀರು ಬೇಕನಾ? ಚಾದರ ಹೊದಿಸ್ಲಾ? ಬಚ್ಚಲಿಗೆ ಹೋಗ್ತೀಯನಾ?” ಊಹೆ ತಪ್ಪಿದಷ್ಟೂ ಮಗನ ಮುಖ ಕೆಂಪಾಗುವುದು. ಒಂದು ಸಲ ಗಂಜಿಯ ಬಟ್ಟಲನ್ನೇ ಎಡಗೈಯಿಂದ ದೂಡಿಬಿಟ್ಟರು. ಮುದುಕಿ ಸೆರಗಿನಿಂದ ನೆಲ ಒರೆಸುತ್ತಾ, “ಇವನು ಚಿಕ್ಕವನಿದ್ದಾಗ ಅತ್ರೆ ಸಾಕಿತ್ತು, ಎಂತಕ್ಕೆ ಅಂತ ಗೊತ್ತಾಗ್ತಿತ್ತು” ಎಂದಳು.

ಪ್ರತಿಮಾ ಬ್ಲೌಸು ಹೊಲಿಯುವವಳು. ಮನೆಯ ಮುಂದಿನ ಜಗಲಿಯಲ್ಲೇ ಅವಳ ಮೆಶಿನ್ನು. ಹುಟ್ಟೂರು ಆನಂದಪುರದ ಹತ್ತಿರ. ಅಲ್ಲೇ ಹತ್ತನೇ ತರಗತಿಯವರೆಗೆ ಓದಿ ಗಣಿತದಲ್ಲಿ ಫೇಲಾಗಿದ್ದಳು. ಫೇಲಾದವಳು ಗಣಿತದ ಮೇಷ್ಟ್ರನ್ನೇ ಮದುವೆಯಾದದ್ದು ನೆಂಟರಿಷ್ಟರಿಗೆ ವರ್ಷಗಟ್ಟಲೆ ನಗುವ ವಿಷಯವಾಗಿತ್ತು. ಮದುವೆಯಾದ ಹೊಸತರಲ್ಲಿ ಮೇಷ್ಟ್ರು, “ಪರೀಕ್ಷೆ ಕಟ್ಟು, ನಾನು ಪಾಸು ಮಾಡಿಸ್ತೀನಿ” ಎಂದು ಅವಳನ್ನು ಕೂರಿಸಿಕೊಂಡರು. ಶಾಲೆಯ ಮಕ್ಕಳಿಗೆ ಹತ್ತು ಸಲ ಹೇಳುವ ತಾಳ್ಮೆ ಇದ್ದವರಿಗೆ ಹೆಂಡತಿಗೆ ಎರಡನೇ ಸಲ ಹೇಳುವಾಗಲೇ ಸಿಟ್ಟು ಬರುತ್ತಿತ್ತು. “ಇಷ್ಟೂ ತಿಳಿಯಲ್ವಾ ನಿಂಗೆ? ಎಂಟನೇ ಕ್ಲಾಸಿನ ಹುಡುಗ್ರು ಮಾಡ್ತಾರೆ ಇದನ್ನ!” ಎಂದರು ಒಂದು ದಿನ. ಪ್ರತಿಮಾ ಪುಸ್ತಕ ಮುಚ್ಚಿ, ಎದ್ದು ಹೋಗಿ ಅಕ್ಕಿ ತೊಳೆದಳು. ಆಮೇಲೆ ಅವರಿಬ್ಬರ ನಡುವೆ ಗಣಿತದ ಮಾತೇ ಬರಲಿಲ್ಲ. ಮಕ್ಕಳೂ ಆಗಲಿಲ್ಲ. ಅವರಿಗೆ ಶಾಲೆಯ ಮಕ್ಕಳಾದರು, ಅವಳಿಗೆ ಹೊಲಿಗೆಯಾಯಿತು. ಜಗಳವೇನೂ ಇರಲಿಲ್ಲ. ಒಂದೇ ಮನೆಯಲ್ಲಿ ಎರಡು ಕೋಣೆ ಮಾಡಿಕೊಂಡ ಹಾಗೆ ಬದುಕು ಸಾಗಿತ್ತು.

ಮೇಷ್ಟ್ರ ಜಾಗಕ್ಕೆ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಬಂದವಳು ವಿನಯಾ. ಅವರ ಹಳೆಯ ವಿದ್ಯಾರ್ಥಿನಿಯೇ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕಿತ್ತಳೆಹಣ್ಣು ತೆಗೆದುಕೊಂಡು ನೋಡಲು ಬಂದಳು. ಕಂಕುಳಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟಿತ್ತು. ಏನು ಮಾತಾಡಬೇಕೆಂದು ತೋಚದೆ ಅವಳು ಕಟ್ಟನ್ನು ಮಂಚದ ಮೇಲಿಟ್ಟು ಪ್ರತಿಮಾಳ ಜೊತೆ ಅಡುಗೆಮನೆಗೆ ಹೋದಳು. ಕಾಫಿ ಹಿಡಿದು ವಾಪಸ್ ಬಂದಾಗ ಮೇಷ್ಟ್ರು ಮೇಲಿನ ಪತ್ರಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಎಡಗೈಯಲ್ಲಿ ಕೆಂಪು ಪೆನ್ನು ಹಿಡಿದು ಬಗ್ಗಿದ್ದರು. ಯಾರೋ ಹುಡುಗ x² + 7x + 12 ಎಂಬುದನ್ನು ಅಪವರ್ತಿಸಲು ಹೋಗಿ (x + 6)(x + 2) ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಹೊಡೆದುಹಾಕಿ, ಚಿಕ್ಕ ಮಗು ಬರೆದಂಥ ಸೊಟ್ಟ ಅಕ್ಷರದಲ್ಲಿ ಪಕ್ಕಕ್ಕೆ (x + 3)(x + 4) ಎಂದು ಬರೆದಿದ್ದರು.

ವಿನಯಾ ಲೋಟ ಕೆಳಗಿಟ್ಟಳು. “ಪ್ರತಿಮಕ್ಕ, ಸರ್ ಸರಿ ಮಾಡಿದ್ದಾರೆ ನೋಡಿ!”

“ಸರಿಯೋ ತಪ್ಪೋ ನಂಗೆಂತ ಗೊತ್ತಾಗ್ತದೆ ಮಾರಾಯ್ತಿ.”

“ಸರಿ ಇದೆ ಅಕ್ಕ. ಪೂರ್ತಿ ಸರಿ ಇದೆ.”

ಮೇಷ್ಟ್ರು ಇಬ್ಬರ ಮುಖವನ್ನೂ ನೋಡಿ “ಹೌದಾ” ಎಂದರು. ಆ ಸಲ ಅದು ಬೇರೆಯೇ ಪದದ ಹಾಗೆ ಕೇಳಿಸಿತು.

ಮುಂದಿನ ತಪಾಸಣೆಗೆ ಹೋದಾಗ ಮಾತಿನ ಚಿಕಿತ್ಸೆಯ ಹುಡುಗಿಗೆ ಪ್ರತಿಮಾ ಇದನ್ನು ಹೇಳಿದಳು. ಮೆದುಳಿನಲ್ಲಿ ಮಾತಿನ ಜಾಗವೇ ಬೇರೆ, ಲೆಕ್ಕದ ಜಾಗವೇ ಬೇರೆ, ಕೆಲವರಲ್ಲಿ ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಎಂದಳು ಆ ಹುಡುಗಿ. “ದಿನಾ ಲೆಕ್ಕ ಕೊಡಿ. ಅವರಿಗೆ ಧೈರ್ಯ ಬರುತ್ತೆ.”

ಪ್ರತಿಮಾ ಸ್ಲೇಟು, ಬಳಪ ತಂದಳು. ವಿನಯಾ ಕೊಟ್ಟ ಪಠ್ಯಪುಸ್ತಕ ನೋಡಿ ಒಂದೊಂದೇ ಲೆಕ್ಕವನ್ನು ಸ್ಲೇಟಿನ ಮೇಲೆ ಚಿತ್ರ ಬರೆದ ಹಾಗೆ ಬರೆದು ಗಂಡನ ಮುಂದಿಟ್ಟಳು. ಅವರು ನೋಡುತ್ತಲೇ ಬಿಡಿಸಿದರು. ಬಿಡಿಸಿ ಸ್ಲೇಟನ್ನು ಅವಳ ಕಡೆ ತಿರುಗಿಸಿ, “ಹೌದಾ?” ಎಂದರು. ಅವಳು ತಲೆಯಾಡಿಸಿ ಸರಿಯ ಗುರುತು ಹಾಕಿದಳು. ಎರಡನೆಯದಕ್ಕೂ ಹಾಕಿದಳು, ಮೂರನೆಯದಕ್ಕೂ. ನಾಲ್ಕನೆಯದನ್ನು ಮೇಷ್ಟ್ರು ಬೇಕೆಂದೇ ತಪ್ಪು ಮಾಡಿ ಕೊಟ್ಟರು. ಅದಕ್ಕೂ ಸರಿಯ ಗುರುತು ಬಿತ್ತು. ಅವರು ಸ್ಲೇಟನ್ನು ಅಂಗೈಯಿಂದ ಒರೆಸಿ ಪಕ್ಕಕ್ಕಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ತಾನು ತಪ್ಪಿಗೂ ಸರಿ ಹಾಕಿದ್ದೇನೆಂದು ಗೊತ್ತಾಗಿ, ಗಂಜಿಯ ಬಟ್ಟಲು ದೂಡಿದಾಗ ಆಗದ ನೋವು ಪ್ರತಿಮಾಗೆ ಅವತ್ತಾಯಿತು. ಅವರಿಗೆ ಬೇಕಾದದ್ದು ಲೆಕ್ಕವಲ್ಲ, ತಿರುಗಿ ಉತ್ತರ ಕೊಡುವ ಮನುಷ್ಯರು ಎಂದು ಅವಳಿಗೆ ಹೊಳೆಯಿತು. ಭಾನುವಾರ ವಿನಯಾಳ ಮನೆಗೆ ಹೋಗಿ, “ನಂಗೆ ಕಲಿಸ್ತೀಯಾ? ನನ್ನ ತಲೆ ಗಟ್ಟಿ, ಮೊದಲೇ ಹೇಳಿರ್ತೀನಿ” ಎಂದಳು.

“ಬನ್ನಿ ಅಕ್ಕ. ಸರ್ ನಮಗೆ ಹೇಳಿಕೊಟ್ಟ ಹಾಗೇ ಹೇಳಿಕೊಡ್ತೀನಿ.”

ಹಾಗೆ ಮೇಷ್ಟ್ರ ಪಾಠ ಅವರ ವಿದ್ಯಾರ್ಥಿನಿಯ ಬಾಯಿಂದ ಹೆಂಡತಿಗೆ ತಲುಪಿತು. ಸಮಚಿಹ್ನೆಯ ಆಚೆಗೆ ಹೋದ ಪದದ ಚಿಹ್ನೆ ಯಾಕೆ ಬದಲಾಗುತ್ತದೆ ಎಂದು ಪ್ರತಿಮಾ ಕೇಳಿದಾಗ ವಿನಯಾ ನಕ್ಕಳು. “ಸರ್ ಹೇಳ್ತಿದ್ರು, ಇದಕ್ಕೆ ಪಕ್ಷಾಂತರ ಅಂತ ಹೆಸರು, ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದವನು ಮೊದಲು ಹೇಳಿದ್ದಕ್ಕೆ ಉಲ್ಟಾ ಮಾತಾಡಲೇಬೇಕಲ್ಲ ಅಂತ. ಇಡೀ ಕ್ಲಾಸು ನಗ್ತಿತ್ತು.” ಪ್ರತಿಮಾಗೂ ನಗು ಬಂತು. ಇಂಥ ತಮಾಷೆ ಮಾಡುವ ಗಂಡನೊಬ್ಬ ತನ್ನ ಮನೆಯಲ್ಲೇ ಇಷ್ಟು ಕಾಲ ಇದ್ದದ್ದು ತನಗೆ ಗೊತ್ತಿರಲಿಲ್ಲವಲ್ಲ ಎಂದು ವಾಪಸ್ ನಡೆದು ಬರುವಾಗ ಅನ್ನಿಸಿತು.

ಕಲಿಕೆ ಸುಲಭವಾಗಿರಲಿಲ್ಲ. ಕೂಡಿದರೆ ನಡುವಿನ ಸಂಖ್ಯೆ ಬರಬೇಕು, ಗುಣಿಸಿದರೆ ಕೊನೆಯದು ಬರಬೇಕು, ಅಂಥ ಎರಡನ್ನು ಹುಡುಕು ಎಂದರೆ ಅವಳು ಬ್ಲೌಸಿಗೆ ಹುಕ್ಕು ಹಾಕುತ್ತಲೇ ಬಾಯಲ್ಲಿ ಮಗ್ಗಿ ಗುನುಗುತ್ತಾ ಹುಡುಕುವಳು. ಬಟ್ಟೆ ಕೊಡಲು ಬಂದವರು “ಎಂತ ಪ್ರತಿಮಕ್ಕ, ಮಂತ್ರ ಹೇಳ್ತಿದ್ದೀರಾ?” ಎಂದು ಕೇಳುವರು. ಆದರೂ ಒಂದು ಮಧ್ಯಾಹ್ನ ಗಂಡ ಮತ್ತೆ ಬೇಕೆಂದೇ ತಪ್ಪು ಮಾಡಿ ಕೊಟ್ಟಾಗ ಅವಳು ಸರಿಯ ಗುರುತು ಹಾಕಲಿಲ್ಲ. ಬಳಪ ತೆಗೆದುಕೊಂಡು ಒಂದು ಸೊನ್ನೆ ಸುತ್ತಿದಳು. ಮೇಷ್ಟ್ರು ಸ್ಲೇಟನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ನಕ್ಕರು. ಒಂದೇ ಕಡೆ ಮೇಲೇಳುವ ಬಾಯಿಯ ನಗು ಅದು. ಕಣ್ಣಂಚಿನಲ್ಲಿ ನೀರು ಬರುವವರೆಗೂ ನಕ್ಕರು.

ಅಂದಿನಿಂದ ಊಟ ಮುಗಿದ ಮೇಲಿನ ಹೊತ್ತು ಅವರಿಬ್ಬರದಾಯಿತು. ಅವಳು ಒಂದು ಕೊಟ್ಟರೆ ಅವರೊಂದು ಕೊಡುವರು. ಒಮ್ಮೆ ತ್ರಿಭುಜದ ವಿಸ್ತೀರ್ಣದ ಸೂತ್ರ ಬರೆದು, ಅದರಲ್ಲಿ ಎತ್ತರವನ್ನು ಒಂಟಿಯಾಗಿ ಎಡಗಡೆಗೆ ತರುವಂತೆ ಬೆರಳಿನಿಂದ ತೋರಿಸಿದರು. ಅವಳು ಪಕ್ಷಾಂತರ ಮಾಡುವಾಗ ಎರಡನ್ನು ಮೇಲೆ ಇಡುವ ಬದಲು ಕೆಳಗಿಟ್ಟಳು. ಮೇಷ್ಟ್ರು ಆ ಎರಡರ ಮೇಲೆ ಬೆರಳಿನಿಂದ ಮೆಲ್ಲಗೆ ಒಮ್ಮೆ ತಟ್ಟಿದರು. ಕಾದರು. ಅವಳಿಗೆ ಹೊಳೆಯಲಿಲ್ಲ. ಇನ್ನೊಮ್ಮೆ ತಟ್ಟಿದರು. ಅವಳು ಅಳಿಸಿ ಸರಿಯಾಗಿ ಬರೆದು, ಬಳಪ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಆವತ್ತೂ ಹಿಂಗೇ ಹೇಳಿದ್ರೆ ಎಂತ ಆಗ್ತಿತ್ತು ರೀ ನಿಮ್ಗೆ?” ಎಂದಳು.

“ಹೌದಾ” ಎಂದರು ಮೇಷ್ಟ್ರು. ಎಡಗೈ ಅವಳ ಮೊಣಕೈಯವರೆಗೆ ಬಂದು ಅಲ್ಲೇ ನಿಂತಿತು.

ಬಾಗಿಲ ಬಳಿ ಗೋಡೆಗೊರಗಿ ಕೂತಿರುತ್ತಿದ್ದ ಮೀನಾಕ್ಷಮ್ಮನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗೇಣಿ ಗದ್ದೆಯಲ್ಲಿ ನಟ್ಟಿ ಮಾಡಿ, ಮಗನನ್ನು ಓದಿಸಿ ಮೇಷ್ಟ್ರು ಮಾಡಿದವಳು. “ಕಾಯಿಲೆ ಮನುಷ್ಯಂಗೆ ಯಾರಾದ್ರೂ ಲೆಕ್ಕ ಮಾಡಿಸ್ತಾರನೇ? ತಲೆ ಎಷ್ಟು ಸುಸ್ತಾಗ್ತದೆ ಅವಂಗೆ” ಎನ್ನುವಳು. ಪ್ರತಿಮಾ ಮಾತಿನ ಚಿಕಿತ್ಸೆಯ ಹುಡುಗಿ ಹೇಳಿದ್ದನ್ನು ವಿವರಿಸುವಳು. ಮುದುಕಿ ಒಪ್ಪುತ್ತಿರಲಿಲ್ಲ. ಆದರೆ ಎದ್ದು ಹೋಗುತ್ತಿರಲಿಲ್ಲ. ಅವರಿಬ್ಬರೂ ಸ್ಲೇಟು ಬದಿಗಿಡುವವರೆಗೆ ಅಲ್ಲೇ ಕೂತು, ಮಗನ ಮುಖ ನೋಡುತ್ತಾ ಎಲೆಗೆ ಸುಣ್ಣ ಹಚ್ಚುವಳು.

ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಪ್ರತಿಮಾಳ ಕಣ್ಣಿಗೆ ಒಂದು ಬದಲಾವಣೆ ಬಿತ್ತು. ನೋಡುತ್ತಲೇ ಬಿಡಿಸುತ್ತಿದ್ದವರು ತಡೆದು ತಡೆದು ಬರೆಯತೊಡಗಿದರು. ಬರೆದ ಸಾಲನ್ನೇ ಮತ್ತೆ ಬರೆದರು. ಊಟ, ನಿದ್ದೆ ಎಲ್ಲ ಮೊದಲಿನ ಹಾಗೇ ಇತ್ತು. ನೋಡಲು ಬಂದವರು ಮೇಷ್ಟ್ರು ಚೇತರಿಸಿಕೊಂಡಿದ್ದಾರೆ ಎಂದೇ ಹೇಳಿ ಹೋಗುತ್ತಿದ್ದರು. ಅವಳೊಬ್ಬಳಿಗೆ ಮಾತ್ರ ಒಳಗೆ ಏನೋ ಕುಸಿಯುತ್ತಿದೆ ಎನ್ನಿಸಿತು. ಯಾರಿಗೆ ಹೇಳುವುದು? ಲೆಕ್ಕ ತಪ್ಪುತ್ತಿದೆ ಎಂದರೆ ಅತ್ತೆ ಸ್ಲೇಟನ್ನೇ ಎತ್ತಿಡುತ್ತಾಳೆ. ಮುಂದಿನ ತಪಾಸಣೆಯ ಹೊತ್ತಿಗೆ ಡಾಕ್ಟರಿಗೆ ಹೇಳಿದರಾಯಿತು ಎಂದುಕೊಂಡಳು.

ಒಂದು ಮಧ್ಯಾಹ್ನ ಅವಳು x² − 16 ಎಂದು ಬರೆದು ಕೊಟ್ಟಳು. ಸುಲಭದ್ದೆಂದೇ ಕೊಟ್ಟದ್ದು. ಮೇಷ್ಟ್ರು ಬಹಳ ಹೊತ್ತು ನೋಡಿ (x − 4)(x − 4) ಎಂದು ಬರೆದು ಅವಳ ಕಡೆ ತಿರುಗಿಸಿದರು. ಒಂದು ಕಡೆ ಕೂಡಬೇಕು, ಒಂದು ಕಡೆ ಕಳೆಯಬೇಕು ಎನ್ನುವುದು ಅವಳಿಗೆ ಈಗ ನಿದ್ದೆಯಲ್ಲೂ ಗೊತ್ತಿತ್ತು. ಇದು ಮೊದಲಿನ ಹಾಗೆ ಪರೀಕ್ಷೆ ಮಾಡಲು ಬೇಕೆಂದೇ ಮಾಡಿದ ತಪ್ಪಿರಬಹುದೇ ಎಂದು ಅವರ ಮುಖ ನೋಡಿದಳು. ಆ ಮುಖದಲ್ಲಿ ತುಂಟತನ ಇರಲಿಲ್ಲ. “ಹೌದಾ?” ಎಂದು ಕೇಳಿದ ದನಿಯಲ್ಲಿ ನಿಜವಾದ ಅನುಮಾನವಿತ್ತು.

ಪ್ರತಿಮಾ ಸರಿಯ ಗುರುತು ಹಾಕಿದಳು.

ಮೇಷ್ಟ್ರು ಆ ಗುರುತನ್ನು ನೋಡಿದರು. ಆಮೇಲೆ ಅವಳ ಕಣ್ಣು ನೋಡಿದರು. ಸ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡು ತಾವು ಬರೆದದ್ದರ ಮೇಲೆ ಬೆರಳಾಡಿಸಿ, ಎಲ್ಲಿ ತಪ್ಪಿದೆ ಎಂದು ಹುಡುಕಿದರು. ಸಿಗಲಿಲ್ಲ. ಮತ್ತೆ ಮೊದಲಿಂದ ಹುಡುಕಿದರು. ಅವಳಿಗೆ ತಡೆಯಲಾಗದೆ, “ಸರಿ ಇದೆ ರೀ, ಸರಿ ಇದೆ” ಎಂದಳು. ಅವರು ಕೈಯಲ್ಲಿದ್ದ ಬಳಪವನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಮರುದಿನ ಅವಳು ಸ್ಲೇಟು ತಂದರೆ ಕೈ ಚಾಚಲಿಲ್ಲ.

ಎರಡನೇ ಸಲದ ಸ್ಟ್ರೋಕ್ ಆದದ್ದು ಅದೇ ವಾರ. ಶಿವಮೊಗ್ಗದ ಡಾಕ್ಟರು, ಸಣ್ಣಸಣ್ಣ ರಕ್ತನಾಳಗಳು ಕೆಲವು ವಾರಗಳಿಂದಲೇ ಒಂದೊಂದಾಗಿ ಕಟ್ಟಿಕೊಳ್ಳುತ್ತಿದ್ದಿರಬೇಕು ಎಂದರು. “ಏನಾದರೂ ವ್ಯತ್ಯಾಸ ಕಂಡಿತ್ತಾ ನಿಮಗೆ?” ಎಂದು ಕೇಳಿದರು. ಪ್ರತಿಮಾ ಕಂಡಿತ್ತು ಎಂದಳು. ಮುಂಚೆಯೇ ಕರೆತಂದಿದ್ದರೆ ಇದು ತಪ್ಪುತ್ತಿತ್ತಾ ಎಂದು ಕೊನೆಗೆ ಕೇಳಿದಳು. ಹಾಗೆ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ತಪ್ಪುತ್ತಿರಲಿಲ್ಲ ಎಂದು ಅವರು ಖಂಡಿತವಾಗಿ ಹೇಳಿದ್ದರೆ ಅವಳಿಗೆ ಎಷ್ಟೋ ವಾಸಿಯಾಗಿತ್ತು.

ಮನೆಗೆ ವಾಪಸ್ ಬಂದ ಮೇಷ್ಟ್ರ ಬಾಯಲ್ಲಿ ಹೌದಾ ಕೂಡ ಇರಲಿಲ್ಲ. ಮೀನಾಕ್ಷಮ್ಮ ಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ, “ಆ ಲೆಕ್ಕಾನೇ ನನ್ನ ಮಗನ್ನ ತಿಂತು” ಎಂದು ಅತ್ತಳು. ಪ್ರತಿಮಾ ಗಂಡನ ಮಗ್ಗುಲು ಹೊರಳಿಸುತ್ತಾ, ಬೆನ್ನಿಗೆ ಪೌಡರು ಹಾಕುತ್ತಾ, ಹೊಲಿಯಲು ಬಂದ ಬಟ್ಟೆಗಳನ್ನು ವಾಪಸ್ ಕಳಿಸುತ್ತಾ ದಿನ ಕಳೆದಳು. ಒಮ್ಮೆ ಅವರ ಎಡಗೈ ಹಿಡಿದು, ತೋರುಬೆರಳಿನಿಂದ ಹಾಸಿಗೆಯ ಮೇಲೆ x ಎಂದು ಬರೆಸಿ ನೋಡಿದಳು. ಬೆರಳು ಅವಳು ಎಳೆದ ಕಡೆಗೆಲ್ಲ ಬಂತು, ತಾನಾಗಿ ಎಲ್ಲಿಗೂ ಹೋಗಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ, ಒಂದು ಬೆಳಿಗ್ಗೆ ಅವಳು ಹಾಲು ಕಾಯಿಸಿ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ತೀರ್ಥಹಳ್ಳಿಯಲ್ಲಿದ್ದ ಮೈದುನ ಮಂಜುನಾಥಪ್ಪ ತಾಯಿಯನ್ನು ಕರೆದುಕೊಂಡು ಹೋಗಲು ಬಂದ. ಅವನು ಆಟೊ ಕರೆತರಲು ಹೋದಾಗ ಅತ್ತೆ ಸೊಸೆ ಇಬ್ಬರೇ ಜಗಲಿಯಲ್ಲಿ ಉಳಿದರು. ಮೀನಾಕ್ಷಮ್ಮ ಸೀರೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಒಂದು ಕೇಳ್ತೀನಿ, ನಿಜ ಹೇಳ್ಬೇಕು” ಎಂದಳು. “ಆ ಲೆಕ್ಕ ಬರೆಯೋ ನೆಪದಲ್ಲಿ ಅವನು ನಿನ್ನ ಹತ್ರ ಎಂತ ಹೇಳ್ತಿದ್ದ?”

“ಎಂತ ಇಲ್ಲ ಅತ್ತೆ. ಲೆಕ್ಕ ಅಷ್ಟೇ.”

“ಅಷ್ಟು ಹೊತ್ತು ಬರೀತಿದ್ರಲ್ಲ ಇಬ್ರೂ. ನಗ್ತಿದ್ರಿ. ಒಂದಿನ ಅವನು ಅತ್ತಿದ್ದೂ ನೋಡಿದೀನಿ. ನನ್ನ ವಿಷಯ ಒಂದೂ ಬರಲಿಲ್ವಾ ಅದ್ರಲ್ಲಿ?”

ಬಂದಿತ್ತು ಎಂದು ಹೇಳಿಬಿಡಲು ಪ್ರತಿಮಾ ಬಾಯಿ ತೆರೆದಳು. ಮುದುಕಿಯ ಮುಖ ನೋಡಿ ಸುಳ್ಳು ಹೊರಡಲಿಲ್ಲ. “ಅದು ಬರೀ ಲೆಕ್ಕ ಅತ್ತೆ, ಅದ್ರಲ್ಲಿ ಯಾರ ವಿಷಯಾನೂ ಇರಲ್ಲ” ಎಂದಳು.

ಆಟೊ ಬಂದು ಅಂಗಳದಲ್ಲಿ ನಿಂತಿತು. ಮೀನಾಕ್ಷಮ್ಮ ಗೋಡೆ ಹಿಡಿದು ಎದ್ದಳು. ಮೆಟ್ಟಿಲಿಳಿಯುವ ಮುಂಚೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, “ನಂಗೂ ಒಂದೆರಡು ಹೇಳ್ಕೊಡಬಹುದಿತ್ತಲ್ಲೇ ಪ್ರತಿಮಾ” ಎಂದಳು. “ನಾನೂ ಅಲ್ಲೇ ಕೂತಿರ್ತಿದ್ದೆ.”

ಪ್ರತಿಮಾಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ.