ಹಳ್ಳದ ಪಾಚಿ, ಭಾವನ ತೀರ್ಥ

ಹೋದ ಭಾನುವಾರ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚದೆ ನಿಂತುಬಿಟ್ಟೆ. ಕೊಡುತ್ತಿದ್ದವರು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಗಂಡ!

ಭಾವ ಕೊಣನೂರಿನ ಹತ್ತಿರದ ಹಳ್ಳಿಯಲ್ಲಿ ಅರ್ಚಕರು. ದಿನಾ ಬೆಳಿಗ್ಗೆ ಮಡಿಯುಟ್ಟು ಹಳ್ಳಕ್ಕಿಳಿಯುತ್ತಾರೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಾರೆ. ಅದೇ ಅಭಿಷೇಕಕ್ಕೆ, ಅದೇ ತೀರ್ಥಕ್ಕೆ. ಅಂದು ನಾನೂ ಜೊತೆಗೆ ಹೋಗಿದ್ದೆ. ಬಟ್ಟೆಯ ಮೇಲೆ ಹಸಿರು ಎಳೆಗಳು ಕೂದಲಿನ ಹಾಗೆ ಉಳಿದವು. ಭಾವ ಅದನ್ನು ಕೊಡವಿ, "ನೋಡು, ಎಷ್ಟು ತಿಳಿಯಾಗಿದೆ!" ಎಂದರು.

(ಬಟ್ಟೆ ಪಾಚಿಯನ್ನು ಹಿಡಿಯುತ್ತದೆ. ಪಾಚಿಯನ್ನು ಬೆಳೆಸಿದ್ದನ್ನು ಹಿಡಿಯುತ್ತದೆಯೇ?)

ಪೂಜೆ ಮುಗಿದ ಮೇಲೆ ಮನೆಯಲ್ಲಿ ವಿಚಾರಣೆ.

"ಯಾಕಯ್ಯಾ, ತೀರ್ಥ ಬೇಡವಾಯ್ತಾ ನಿನಗೆ?"

"ನೀರು ಕೆಟ್ಟಿದೆ ಭಾವ. ಎಂಎಸ್ಸಿ ಓದುವಾಗ ಇದೇ ಹಳ್ಳದಿಂದ ಬಾಟಲಿಯಲ್ಲಿ ಪಾಚಿ ತಗೊಂಡು ಹೋಗಿದ್ದೆ. ಆಗ ಕಲ್ಲಿನ ಮೇಲೆ ತೆಳ್ಳಗೆ ಕಂದು ಲೋಳೆ ಇತ್ತು, ಅಷ್ಟೆ. ಈ ಹಸಿರು ಜಡೆ ಇರಲಿಲ್ಲ."

"ಬಾಟಲಿ ತುಂಬಿದ್ದು ಇಲ್ಲೋ, ಹೊಳೆನರಸೀಪುರದಲ್ಲೋ? ಮೂಗಿನ ಮೇಲಿರೋ ಕನ್ನಡಕಕ್ಕೆ ಮನೆಯೆಲ್ಲಾ ಹುಡುಕೋನು ನೀನು!"

ಒಳಗಿಂದ ಅಕ್ಕ ಕಿಸಕ್ಕನೆ ನಕ್ಕಳು.

ನಿಜಕ್ಕೂ ಇಲ್ಲಿಯೇ ತುಂಬಿದ್ದೆನೇ? ತೊಂಬತ್ತರ ದಶಕದ ಆರಂಭದ ಮಾತು. ಆ ವರ್ಷ ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಗೂ ಪ್ಯಾಂಟ್ ಮಡಚಿ ಇಳಿದಿದ್ದೆ. ಎರಡೂ ನೀರು ತಲೆಯಲ್ಲಿ ಒಂದಾಗಿಬಿಟ್ಟಿವೆ. 'ನಮ್ಮ ಕಾಲದಲ್ಲಿ ನೀರು ಚೆನ್ನಾಗಿತ್ತು' ಎನ್ನುವ ಪ್ರತಿಯೊಬ್ಬರ ಮೇಲೂ ನನಗೆ ಅನುಮಾನ. ನನ್ನೊಬ್ಬನಿಗೆ ಯಾಕೆ ವಿನಾಯಿತಿ?

ನೆನಪು ಕೈಕೊಟ್ಟರೇನು, ಕಾಲಿದೆಯಲ್ಲ! ಭಾವನನ್ನು ಎಬ್ಬಿಸಿಕೊಂಡು ಹಳ್ಳದ ಗುಂಟ ಮೇಲಕ್ಕೆ ನಡೆದೆ. ಹಸಿರು ಜಡೆ ನಮ್ಮ ಜೊತೆಗೇ ಬಂತು. ಆಲೂಗಡ್ಡೆ ಹೊಲದ ಕಾಲುವೆ ಹಳ್ಳಕ್ಕೆ ಸೇರುವಲ್ಲಿ ಕೊಬ್ಬಿತ್ತು. ಅದರಿಂದ ಮೇಲಕ್ಕೆ ಇಲ್ಲವೇ ಇಲ್ಲ. ಅಲ್ಲಿನ ಕಲ್ಲೊಂದನ್ನು ಎತ್ತಿ ಭಾವನ ಕೈಗಿಟ್ಟೆ. ತೆಳ್ಳನೆಯ ಕಂದು ಲೋಳೆ. ಅದೇ ಹಳ್ಳ, ಅದೇ ಬಿಸಿಲು, ಅದೇ ದಿನ. ನನ್ನ ನೆನಪಿನ ಸಾಕ್ಷಿಯೇ ಬೇಕಾಗಲಿಲ್ಲ.

ಹೊಲದ ಯಜಮಾನ ನಿಂಗೇಗೌಡ ಬದುವಿನ ಮೇಲೆ ನಿಂತು ನೋಡುತ್ತಿದ್ದ.

"ಏನ್ ಸಾ, ಅಳ್ಳದ ಕಲ್ ತೊಳೀತಿದ್ದೀರಾ?"

"ಗೊಬ್ಬರ ಜೋರಾಗಿ ಹಾಕ್ತೀಯೇನಪ್ಪಾ?"

"ಆಕ್ದಷ್ಟೂ ಗೆಡ್ಡೆ ದಪ್ಪ ಕಣ್ ಸಾ. ಮಳೆ ಬಂದ್ರೆ ಅರ್ಧ ಅಳ್ಳಕ್ಕೇ ಓಯ್ತದೆ. ಅಳ್ಳಾನೂ ಒಸಿ ಅಸ್ರಾಗ್ಲಿ ಬುಡಿ!"

ಈ ಹಸಿರು ಜಡೆಯೇ ವಿಷವಲ್ಲ. ಮೇಲಿನಿಂದ ಏನೋ ಬಂದು ಸೇರಿದೆ ಎಂದು ಅದು ಚಾಡಿ ಹೇಳುತ್ತದೆ, ಅಷ್ಟೆ. (ಕಂದು ಲೋಳೆಯೂ ಕುಡಿಯುವ ನೀರಿಗೆ ಸರ್ಟಿಫಿಕೇಟ್ ಅಲ್ಲ. ಟೆಸ್ಟ್ ಮಾಡಿಸಲೇಬೇಕು.) ನಾವು ಮಾಡುವುದೇನು? ಚಾಡಿ ಹೇಳಿದವನನ್ನು ಬಟ್ಟೆಯಲ್ಲಿ ಸೋಸಿ ಆಚೆ ಎಸೆಯುವುದು.

ಭಾವ ಹಟಮಾರಿ. ಆದರೆ ಕಣ್ಣಿಗೆ ಕಂಡಿದ್ದನ್ನು ಇಲ್ಲ ಎನ್ನುವವರಲ್ಲ. ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು, "ಆಯ್ತಪ್ಪ, ನಾಳೆಯಿಂದ ದೇವರಿಗೆ ಇಲ್ಲಿಂದಲೇ ನೀರು. ನಡಿಗೆ ಜಾಸ್ತಿ, ಏನ್ಮಾಡೋದು" ಎಂದರು.

ಗೆದ್ದೆನೆಂದು ಬೀಗಿದೆ.

ವಾಪಸ್ ಬಂದಾಗ ದೇವಸ್ಥಾನದ ಹಿಂದೆ, ಹಳ್ಳಕ್ಕಿಳಿಯುವ ಮೆಟ್ಟಿಲ ಬಳಿ ಒಬ್ಬಾಕೆ ಹಸಿರು ಎಳೆಗಳನ್ನು ಕೈಯಿಂದ ಸರಿಸಿ, ಅಡುಗೆಗೆ ಬಿಂದಿಗೆ ತುಂಬುತ್ತಿದ್ದಳು. "ಪಾಚಿ ಜಾರುತ್ತೆ ಕಣಮ್ಮಾ, ಹುಷಾರು" ಎಂದು ಭಾವ ಮುಂದೆ ನಡೆದರು. ನಾನೂ ಹಿಂದೆಯೇ ನಡೆದೆ.

ದೇವರಿಗೇನೋ ಮೇಲಿನ ನೀರು ಗೊತ್ತುಮಾಡಿ ಬಂದೆವು, ಆ ಬಿಂದಿಗೆಗೆ?