ಉದ್ಯೋಗ ಎಂಬ ಕಾಲಂ

ಬಿಜ್ಜರಗಿಯ ಸಿದ್ದಲಿಂಗೇಶ ಎಂ.ಎಸ್ಸಿ., ಬಿ.ಎಡ್. ಮುಗಿಸಿ ಆರು ವರ್ಷವಾಯಿತು. ಅಂದಿನಿಂದ ಅವನು ಮಾಡಿದ ಕೆಲಸವೆಂದರೆ ಅರ್ಜಿ ತುಂಬುವುದು. ಒಂದರಲ್ಲೂ ಚಿತ್ತುಕಾಟಿಲ್ಲ, ಒಂದರಿಂದಲೂ ನೌಕರಿಯಿಲ್ಲ.

ಮೂರು ತಿಂಗಳಿಂದ ನಿದ್ದೆ ಹತ್ತದೆ, ಊಟದ ತಾಟಿನ ಮುಂದೆ ಸುಮ್ಮನೆ ಕೂರುತ್ತಿದ್ದ. ತಾಯಿ ಮುರಿಗೆವ್ವ ತಿಕೋಟಾ ದಾಟಿಸಿ ವಿಜಯಪುರದ ಮನೋರೋಗದ ಡಾಕ್ಟರರ ಹತ್ತಿರ ಕರೆತಂದಳು. ನರ್ಸಬಾಯಿ ತುಂಬಲು ಒಂದು ಫಾರ್ಮು ಕೊಟ್ಟಳು. ಹೆಸರು, ವಯಸ್ಸು, ಊರು ಮುತ್ತಿನಂಥ ಅಕ್ಷರದಲ್ಲಿ ಇಳಿದವು. ‘ಉದ್ಯೋಗ’ ಎಂಬಲ್ಲಿ ಪೆನ್ನು ನಿಂತಿತು.

“ಒಕ್ಕಲತನ ಅಂತ ಬರಿ, ಯಪ್ಪಾ,” ಎಂದಳು ಮುರಿಗೆವ್ವ.

“ಹೊಲಕ್ಕ ಬಂದ್ರ ‘ಕಲತಾವಗ ಇಲ್ಲೇನ ಕೆಲಸ’ ಅಂತ ನೀನ ಬೈತಿ. ಸುಳ್ಳ ಬರದ್ರ ಅರ್ಜಿ ರದ್ದಾಗ್ತೈತಿ ಬೇ.”

“ಹಂಗಾರ ಖಾಲಿ ಬಿಡು.”

“ಖಾಲಿ ಬಿಟ್ರೂ ರದ್ದ. ನಡಿ, ಮನಿಗಿ ಹೋಗೂಣು.”

ಅವನು ಎದ್ದೇಬಿಟ್ಟ. ನರ್ಸಬಾಯಿ ಫಾರ್ಮನ್ನು ಅವನ ಕೈಯಿಂದ ಕಸಿದುಕೊಂಡು, “ಕುಂಡ್ರು ತಮ್ಮಾ. ಇಲ್ಲಿ ಯಾರದೂ ರದ್ದ ಮಾಡೂದಿಲ್ಲ. ನಿಂದು ಏಳನೇ ನಂಬರ,” ಎಂದಳು.

ಸಿದ್ದಲಿಂಗೇಶ ಕುಳಿತ. ಡಾಕ್ಟರರ ಕೋಣೆಯತ್ತ ನೋಡಿ ಕೇಳಿದ: “ಒಳಗ ಲಿಖಿತ ಪರೀಕ್ಷಿ ಏನರ ಐತೇನ್ರಿ?”

“ಇಲ್ಲ, ನೇರ ಸಂದರ್ಶನ,” ಎಂದಳು ಆಕೆ, ನಗದೆ.

ಮುರಿಗೆವ್ವ ಮಗನ ಅಂಗಿಯ ಕಾಲರು ಸರಿಮಾಡಿದಳು.